ಪೇಪರಿನಲ್ಲಿ ಕೊಟ್ಟ ಮಂಚ

“ಸ್ವಲ್ಪ ನಗ್ರೇ. ಹೆಣ ಹೊತ್ಕೊಂಡು ಬಂದೋರ ಥರ ನಿಂತಿದ್ದೀರಲ್ಲ. ಪುಕ್ಸಟ್ಟೆ ಕಂಬಳಿ ಇಸ್ಕೊಳ್ಳೋಕೂ ಕೊಬ್ಬಾ ನಿಮಗೆ?”

ಪರಿಹಾರ ಶಿಬಿರದ ಸಾಹೇಬರು ಹೀಗೆಂದಾಗ ನನ್ನ ದೊಡ್ಡಮ್ಮ ಬಾಯ್ತುಂಬ ನಕ್ಕಳು. ಹೊಸ ಕಂಬಳಿ ಕೈಗೆ ಬಂತು, ಪೇಪರಿನ ಫೋಟೋದವನು ಕ್ಲಿಕ್ಕಿಸಿದ, ಅವನ ಜೀಪು ಗೇಟು ದಾಟಿತು. ದಾಟಿದ್ದೇ ತಡ, ಸಾಹೇಬರ ಆಳುಗಳು ಕಂಬಳಿಗಳನ್ನೆಲ್ಲ ಕಿತ್ತುಕೊಂಡು ಮತ್ತೆ ಲಾರಿಗೆ ತುಂಬಿದರು. ಇನ್ನೊಂದು ಶಿಬಿರದಲ್ಲೂ ಫೋಟೋ ತೆಗೆಯಬೇಕಂತೆ, ನಮಗೆ ಆಮೇಲೆ ಕೊಡುತ್ತಾರಂತೆ. ದೊಡ್ಡಮ್ಮನ ನಗು ಮಾತ್ರ ಮುಖದ ಮೇಲೇ ಉಳಿದಿತ್ತು. ಅದನ್ನು ವಾಪಸ್ ಇಸಿದುಕೊಳ್ಳಲು ಅವರು ಮರೆತಿದ್ದರು.

ನಾವು ಬಟ್ಟೆ ಒಗೆಯುವವರು. ಹೊಳೆದಂಡೆಯಲ್ಲೇ ಮನೆ, ಹೊಳೆಯಿಂದಲೇ ಅನ್ನ. ಆ ಹೊಳೆಯೇ ಉಕ್ಕಿ ನಮ್ಮ ಬೀದಿಯನ್ನು ನುಂಗಿದಾಗ ಎಲ್ಲರೂ ಈ ಶಾಲೆಗೆ ಬಂದು ಬಿದ್ದೆವು. ನಾನು ಇಸ್ತ್ರಿಯವನು. ಮುಳುಗುವ ಮನೆಯಿಂದ ನಾನು ಎತ್ತಿಕೊಂಡು ಬಂದದ್ದು ಕೆಂಡದ ಇಸ್ತ್ರಿಪೆಟ್ಟಿಗೆ ಒಂದನ್ನೇ. ಉಡಲು ಬಟ್ಟೆಯಿಲ್ಲ, ಇಸ್ತ್ರಿ ಯಾರ ತಲೆಗೆ ಮಾಡ್ತೀಯ ಎಂದು ಹೆಂಡತಿ ಎಲ್ಲರ ಮುಂದೆ ಆಡಿಕೊಳ್ಳುತ್ತಿದ್ದಳು. ಅವಳು ಹಸಿ ಬಾಣಂತಿ; ನಮ್ಮ ಹೆಣ್ಣುಮಗು ಹುಟ್ಟಿ ವಾರವೂ ಆಗಿರಲಿಲ್ಲ.

ತರಗತಿಯ ಸಿಮೆಂಟು ನೆಲ ಒಳಗಿನಿಂದಲೇ ಬೆವರುತ್ತಿತ್ತು. ಹಳೆಯ ಸೀರೆಯನ್ನು ಎಷ್ಟು ಮಡಿಸಿ ಹಾಸಿದರೂ ಗಳಿಗೆಯಲ್ಲಿ ತೇವ. ಮಗುವಿನ ಪಾದ ಮುಟ್ಟಿ ನೋಡಿದರೆ ತಣ್ಣಗೆ. ನನಗೆ ಭಯವಾಗುತ್ತಿತ್ತು. ಒಂದು ಮಂಚ ಕೇಳೋಣವೆಂದು ಹೆಡ್‌ಮಾಸ್ತರರ ಕೋಣೆಗೆ ಹೋದರೆ, ಸಾಹೇಬರು ಸುತ್ತಿದ ಪ್ಲಾಸ್ಟಿಕ್ಕನ್ನೂ ಬಿಚ್ಚದ ಹೊಸ ಮಂಚದ ಮೇಲೆ ಮಲಗಿದ್ದರು. ಊರ ಕೊಳೆ ತೊಳೆಯೋ ಜನ, ನೆಲದ ಮೇಲೆ ಮಲಗಿದರೆ ಸವೆದುಹೋಗ್ತೀರಾ ಎಂದು ಕೇಳಿ, ಮಗ್ಗಲು ಬದಲಿಸಿದರು.

ಮರುದಿನ ಪೇಪರಿನಲ್ಲಿ ದೊಡ್ಡಮ್ಮ ನಗುತ್ತಿದ್ದಳು. ಪಕ್ಕದಲ್ಲಿ ಸಾಹೇಬರು. ನಾನು ಎಲ್ಲರಿಗೂ ಕೇಳುವಂತೆ ಓದಿದೆ. ಎಲ್ಲ ಸಂತ್ರಸ್ತರಿಗೂ ಕಂಬಳಿ ಎಂದಾಗ ಯಾರೋ ಚಳಿಯಲ್ಲೇ ಚಪ್ಪಾಳೆ ತಟ್ಟಿದರು. ಹೊತ್ತುಹೊತ್ತಿಗೆ ಬಿಸಿಯೂಟ ಎಂದಾಗ ಮುದುಕನೊಬ್ಬ ಕೆಮ್ಮು ಹತ್ತುವಷ್ಟು ನಕ್ಕ. ಬಾಣಂತಿಯರಿಗೆ ಮಂಚ ಎಂದೂ ಇತ್ತು. ನನ್ನ ಹೆಂಡತಿ ನೆಲದ ಮೇಲೆ ಮಲಗಿಕೊಂಡೇ, ಮಂಚದಿಂದ ಮಗು ಉರುಳೀತು, ಪಕ್ಕದಲ್ಲಿ ಏನಾದರೂ ಒತ್ತಿಡಿ ಎಂದಳು.

ಪೇಪರು ಓದುವುದು ನನಗೆ ಹೊಸದಲ್ಲ. ಇಸ್ತ್ರಿ ಬಟ್ಟೆ ಸುತ್ತಲು ತರುವ ರದ್ದಿಯಲ್ಲೇ ನಾನು ಅಕ್ಷರ ಕೂಡಿಸಿದ್ದು. ಹಳೇ ಪೇಪರಿನ ಸುಖವೇ ಬೇರೆ. ಮಳೆಗಾಲದೊಳಗೆ ತಡೆಗೋಡೆ ಮುಗಿದೇ ತೀರುತ್ತದೆ ಎಂದು ಅದು ಹೇಳಿದರೆ, ಕತ್ತೆತ್ತಿ ಹೊಳೆಯ ಕಡೆ ನೋಡಿದರಾಯಿತು. ಆ ಗೋಡೆ ಎಷ್ಟು ಎದ್ದಿತ್ತೆಂದು ಈಗ ಹೊಳೆಗೇ ಗೊತ್ತು. ದೊಡ್ಡಮ್ಮ ನನ್ನ ಕೈಯಿಂದ ಪೇಪರು ಇಸಿದುಕೊಂಡು, ಮಡಿಸಿ ಸೊಂಟಕ್ಕೆ ಸಿಕ್ಕಿಸಿದಳು. ತನ್ನ ಫೋಟೋದ ಆಸೆಗೆ ಎಂದುಕೊಂಡೆ.

ಎರಡು ದಿನ ಬಿಟ್ಟು ಟಿವಿಯವರು ಬಂದರು. ಅದೇ ಲಾರಿ, ಅವೇ ಕಂಬಳಿಗಳು. ಸಾಹೇಬರು ಮತ್ತೆ ನಗಲು ಹೇಳಿದರು, ನಾವು ಮತ್ತೆ ಹಲ್ಲು ಕಿರಿದೆವು. ಕಂಬಳಿ ಕೈಗೆ ಬಂದದ್ದೇ ದೊಡ್ಡಮ್ಮ ಅದನ್ನು ಹೆಗಲಿಗೆ ಹಾಕಿಕೊಂಡು ಸೀದಾ ಅಂಗಳದ ನೀರಿನ ತೊಟ್ಟಿಗೆ ಹೋಗಿ ಮುಳುಗಿಸಿಬಿಟ್ಟಳು.

ಹೊಸ ಬಟ್ಟೆಯನ್ನು ಒಗೆಯದೆ ಮೈಗೆ ಸೋಕಿಸುವುದು ನಮ್ಮ ಕಸುಬಿನವರಿಂದ ಆಗದ ಮಾತು. ಗಂಜಿ, ಬಣ್ಣ, ಯಾರ್ಯಾರದೋ ಕೈಯ ಜಿಡ್ಡು. ಅವಳ ಹಿಂದೆ ಒಬ್ಬೊಬ್ಬರಾಗಿ ಎಲ್ಲ ಹೆಂಗಸರೂ ಹೋದರು. ಕಲ್ಲಿಗೆ ಒದ್ದೆ ಕಂಬಳಿ ಬಡಿಯುವ ಸದ್ದು ಕೇಳಿ ಎಷ್ಟು ದಿನವಾಗಿತ್ತು! ನನಗೆ ಮನೆಗೇ ವಾಪಸ್ ಬಂದ ಹಾಗಾಯಿತು.

“ಏನ್ರೇ ಮಾಡ್ತಿದ್ದೀರಾ, ಮುಂಡೇವಾ? ಸಂಜೆ ಅವು ಇನ್ನೊಂದು ಕಡೆ ಹೋಗ್ಬೇಕು,” ಎಂದು ಸಾಹೇಬರು ಮೈಕಿನ ಮುಂದೆಯೇ ಕೂಗಿದರು.

“ಒಣಗಿದ ಮೇಲೆ ಹೋಗ್ಲಿ ಬಿಡಿ ಸಾಹೇಬ್ರೇ,” ಎಂದಳು ದೊಡ್ಡಮ್ಮ, ಹಿಂಡುತ್ತಲೇ.

ನೀರು ಕುಡಿದ ಕಂಬಳಿ ಹೆಣಭಾರ. ಡ್ರೈವರು ಒಂದನ್ನು ಎತ್ತಿ ನೋಡಿ, ಇವನ್ನು ಹೇರಿದರೆ ಲಾರಿ ಮೇಲೇಳಲ್ಲ ಎಂದು ಬೀಡಿ ಹಚ್ಚಿ ಕೂತ. ಸ್ವಲ್ಪ ಹೊತ್ತಿಗೆ ಖಾಲಿ ಲಾರಿ ತೆಗೆದುಕೊಂಡು ಹೋದ. ಶಾಲೆಯ ಕಾಂಪೌಂಡಿನುದ್ದಕ್ಕೂ ಕಂಬಳಿಗಳು ತೊಟ್ಟಿಕ್ಕುತ್ತ ನೇತಾಡಿದವು. ನಾನು ಅಡುಗೆ ಒಲೆಯಿಂದ ಕೆಂಡ ತಂದು ಇಸ್ತ್ರಿಪೆಟ್ಟಿಗೆಗೆ ತುಂಬಿ, ಮಗುವಿಗೆಂದು ಒಂದನ್ನು ಒತ್ತಿ ಒತ್ತಿ ಒಣಗಿಸಿದೆ. ಕೋಣೆಯೆಲ್ಲ ಹಬೆ. ಹೆಂಡತಿ ಅಂದಿನಿಂದ ಇಸ್ತ್ರಿಪೆಟ್ಟಿಗೆಯ ಸುದ್ದಿ ಎತ್ತಲಿಲ್ಲ.

ಸಂಜೆ ವಾಚ್‌ಮನ್ನನ ಕೋಣೆಯ ಟಿವಿಯಲ್ಲಿ ಸಾಹೇಬರ ಬೈಗುಳ ಬರಲಿಲ್ಲ. ಶಿಬಿರವಾಸಿಗಳಲ್ಲಿ ಸ್ವಚ್ಛತೆಯ ಅರಿವು ಮೂಡಿದೆ ಎಂದು ಬಂತು. ಮುದುಕನಿಗೆ ಮತ್ತೆ ಕೆಮ್ಮು ಹತ್ತಿತು.

ಆದರೆ ಬೆಳಗಾಗುವಷ್ಟರಲ್ಲಿ ಮಗುವಿನ ಕಂಬಳಿಯ ಅಡಿ ಪೂರಾ ಒದ್ದೆಯಾಗಿತ್ತು. ನೆಲ ತನ್ನ ಕೆಲಸ ಬಿಟ್ಟಿರಲಿಲ್ಲ. ಮಗು ಸೀನಿತು. ದೊಡ್ಡಮ್ಮ ಅದರ ಪಾದವನ್ನು ಅಂಗೈಯಲ್ಲಿ ಹಿಡಿದು ಉಜ್ಜಿದಳು. ಆಮೇಲೆ ಎದ್ದು, ನನ್ನನ್ನೂ ಇನ್ನು ಮೂವರು ಗಂಡಸರನ್ನೂ ಕರೆದುಕೊಂಡು ಹೆಡ್‌ಮಾಸ್ತರರ ಕೋಣೆಗೆ ನುಗ್ಗಿದಳು. ಸಾಹೇಬರು ಮಂಚದ ಮೇಲೆ ಅಂಗಾತ ಮಲಗಿದ್ದರು. ಅವಳು ಸೊಂಟದಿಂದ ಪೇಪರು ತೆಗೆದು ಅವರ ಹೊಟ್ಟೆಯ ಮೇಲೆ ಹರಡಿದಳು.

“ಬಾಣಂತಿಗೆ ಮಂಚ ಕೊಟ್ಟಾಗಿದೆಯಂತಲ್ಲ ಸಾಹೇಬ್ರೇ. ತಗೊಂಡು ಹೋಗೋಕೆ ಬಂದ್ವಿ.”

“ಯಾವ ಬೋಳಿಮಗ ಹೇಳ್ದ ನಿಂಗೆ?”

“ಇಲ್ಲಿ ನೀವೇ ಹೇಳಿದ್ದೀರಿ. ನಿಮ್ಮ ಫೋಟೋ ಕೆಳಗೇ ಇದೆ.”

ಪೇಪರಿನಲ್ಲಿ ಬಂದದ್ದು ಸುಳ್ಳು ಎಂದರೆ ಸಾಹೇಬರ ಮಾತೇ ಸುಳ್ಳಾಗುತ್ತಿತ್ತು. ನಾವು ನಾಲ್ವರು ನಾಲ್ಕು ಮೂಲೆ ಹಿಡಿದೆವು.

“ಇಳೀತೀರೋ, ಹಾಗೇ ಬರ್ತೀರೋ?” ದೊಡ್ಡಮ್ಮ ಕೇಳಿದಳು. “ಬರೋದಾದ್ರೆ ಸ್ವಲ್ಪ ನಗ್ತಾ ಬನ್ನಿ. ಮಗು ಹೆದರ್ಕೊಳ್ಳುತ್ತೆ.”

ಸಾಹೇಬರು ಇನ್ನೂ ಯೋಚಿಸುತ್ತಿದ್ದರು. ನಾವು ಎತ್ತಿದೆವು.