ಮುನ್ನೂರ ನಲವತ್ತು ಮೀಟರ್

"ಉಸಿರು ಹೋಗೋದು ಗೊತ್ತಿತ್ತು. ತಲೆನೂ ಹೋಯ್ತೇನು ಮಗಳೇ?" ಎಂದ ಬ್ರೆಡ್ಡಿನ ಮುದುಕ. ಆಸ್ಪತ್ರೆಯ ಹಾಸಿಗೆಯ ಅಂಚಿನಲ್ಲಿ ಎರಡೂ ಕೈ ಊರಿ ಕೂತಿದ್ದ. ಅಷ್ಟು ಹೇಳುವುದರೊಳಗೆ ಮೂರು ಸಲ ಉಸಿರೆಳೆದುಕೊಂಡಿದ್ದ.

ಫಿಜಿಯೋಥೆರಪಿಸ್ಟ್ ಐದು ದಿನದ ತರಬೇತಿ ಮುಗಿಸಿ ಅಂದೇ ಬೆಳಿಗ್ಗೆ ಕೆಲಸಕ್ಕೆ ಮರಳಿದ್ದಳು. ಹೆಗಲಿನ ಬ್ಯಾಗನ್ನು ಇನ್ನೂ ಇಳಿಸಿರಲಿಲ್ಲ. ಏನಾಯಿತೆಂದು ಕೇಳಿದಳು. ಡಾಕ್ಟರು ಫೈಲು ನೋಡಿಕೊಂಡು, ಗುರುವಾರ ನೀವು ಆರು ನಿಮಿಷದಲ್ಲಿ ಮುನ್ನೂರ ನಲವತ್ತು ಮೀಟರ್ ನಡೆದಿದ್ದೀರಿ, ಇನ್ನೇನು ಬೇಕು, ಮಧ್ಯಾಹ್ನ ಮನೆಗೆ ಹೊರಡಿ ಎಂದಿದ್ದರಂತೆ. ಎಂಟು ವಾರದ ವ್ಯಾಯಾಮ ತರಗತಿಯ ಪಟ್ಟಿಯಿಂದ ಹೆಸರನ್ನೂ ಹೊಡೆದುಹಾಕಿದ್ದರು. ಅಲ್ಲಿರುವುದು ಹನ್ನೆರಡೇ ಜಾಗ, ನಡೆಯಲಾರದವರಿಗೆ ಮೀಸಲು.

"ಬಚ್ಚಲಿಗೆ ಹೋಗಿ ಬಂದಿದ್ದು ನೆನಪಿದೆ. ಅದು ಹತ್ತು ಹೆಜ್ಜೆ. ಇಷ್ಟು ದೂರ ಯಾವಾಗ ನಡೆದೆ?"

ನಲವತ್ತು ವರ್ಷ ಸೌದೆ ಒಲೆಯ ಮುಂದೆ ಬ್ರೆಡ್ಡು ಸುಟ್ಟವನು. ಮನೆ ಬೇಕರಿಯ ಮೇಲೆಯೇ, ಇಪ್ಪತ್ತೆರಡು ಮೆಟ್ಟಿಲು. ಮೂರು ತಿಂಗಳಿಂದ ಇಬ್ಬರು ಅಳಿಯಂದಿರು ಅವನನ್ನು ಕುರ್ಚಿಯಲ್ಲಿ ಕೂರಿಸಿ ಮೇಲಕ್ಕೆ ಹೊತ್ತೊಯ್ಯುತ್ತಿದ್ದರು. ಮಾವ ಅಳಿಯನ ಹೆಗಲೇರೋದು ಒಂದೇ ಸಲ ಚೆಂದ ಎಂದು ತಮಾಷೆ ಮಾಡುತ್ತಿದ್ದ. ಆ ಮೆಟ್ಟಿಲನ್ನು ತಾನೇ ಹತ್ತಬೇಕೆನ್ನುವುದೊಂದೇ ಅವನ ಆಸೆ. ಅದಕ್ಕಾಗಿಯೇ ಪಟ್ಟಿಯಲ್ಲಿ ಅವನ ಹೆಸರನ್ನು ಅವಳು ಮೊದಲು ಬರೆದಿದ್ದಳು.

ಫೈಲು ತೆರೆದಳು. ಸೋಮವಾರ ಇನ್ನೂರ ತೊಂಬತ್ತು, ಬುಧವಾರ ಮುನ್ನೂರ ಹದಿನೈದು, ಗುರುವಾರ ಮುನ್ನೂರ ನಲವತ್ತು. ಅಕ್ಷರ ಮೇಷ್ಟ್ರದು. ಮೂರರ ಪಕ್ಕದಲ್ಲೂ ನೀಲಿ ಮೊಹರು. ಮೊಹರು ಅವಳದು.

ವಿಭಾಗದ ಹಿರಿಯನನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ಅವಳಿಗಂತೂ ಕಾಲೇಜಿನಲ್ಲಿ ನಿಜವಾಗಿಯೂ ಕಲಿಸಿದವನೇ. ಅಂಗೈಯನ್ನು ಬಟ್ಟಲು ಮಾಡಿ, ಕಫ ಸಡಿಲವಾಗಲೆಂದು ರೋಗಿಯ ಬೆನ್ನು ತಟ್ಟುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಆ ಸದ್ದು ಕೇಳಿದರೇ ಮನೆಯವರಿಗೆ ಸಮಾಧಾನ. ಎರಡು ವರ್ಷದ ಹಿಂದೆ ಅವಳು ಹೊಸ ಮಾರ್ಗಸೂಚಿ ತಂದು, ಶ್ವಾಸಕೋಶದ ಈ ಕಾಯಿಲೆಯವರನ್ನು ತಟ್ಟಿದರೆ ಸಾಲದು, ನಡೆಸಬೇಕು, ಕಾಲಿಗೆ ಬಲ ತುಂಬಬೇಕು ಎಂದಾಗ ಡಾಕ್ಟರು ನಕ್ಕಿದ್ದರು. ರೋಗಿಗಳ ಮನೆಯವರು ಮೈ ಮುಟ್ಟದ ಸೋಮಾರಿ ಎಂದು ದೂರು ಕೊಟ್ಟಿದ್ದರು. ಒಬ್ಬೊಬ್ಬರಿಗೆ ಇಪ್ಪತ್ತು ರೋಗಿಗಳು. ತಲೆಗೆ ಹತ್ತು ನಿಮಿಷವೂ ಸಿಗದು. ನಡೆಸಲು ಮೂವತ್ತು ಮೀಟರ್ ಜಾಗ ಬೇಕು. ಇದ್ದ ಒಂದೇ ಹಜಾರದಲ್ಲಿ ಟೋಕನ್ ಸಾಲು. ಆಗ ಸಭೆಯಲ್ಲಿ ಎದ್ದು ನಿಂತವನು ಮೇಷ್ಟ್ರು ಒಬ್ಬನೇ. ಮೂವತ್ತು ವರ್ಷ ನಾನು ತಟ್ಟಿದ್ದರಲ್ಲಿ ಅರ್ಧ ಬರೀ ಸದ್ದು, ಈ ಹುಡುಗಿ ಹೇಳೋದೇ ಸರಿ ಎಂದಿದ್ದ. ಅಂದಿನಿಂದ ಅವಳು ಅವನ ಮುಂದೆ ಮೊಹರಿನ ಡ್ರಾಯರಿಗೆ ಬೀಗ ಹಾಕಿದವಳಲ್ಲ.

ತರಬೇತಿಗೆ ಅವಳ ಹೆಸರು ಸೂಚಿಸಿದವನೂ ಅವನೇ.

ಮಾರ್ಗಸೂಚಿ ಪಾಲನೆ ನೋಡಲು ಹನ್ನೊಂದಕ್ಕೆ ತಪಾಸಣೆಯವರು ಬರುವವರಿದ್ದರು. ಮೇಷ್ಟ್ರು ಗೋಡೆಯ ಮೇಲಿನ ಮಾರ್ಗಸೂಚಿಯ ಚೌಕಟ್ಟು ಒರೆಸುತ್ತಿದ್ದ. ಅವಳು ಕೇಳಿದ್ದಕ್ಕೆ ಅಲ್ಲಗಳೆಯಲಿಲ್ಲ. ಮೂವತ್ತೊಂದು ಫೈಲುಗಳಲ್ಲೂ ತಾನೇ ಬರೆದೆ ಎಂದ.

"ಹಾಳೆ ಖಾಲಿ ಇದ್ರೆ ಇವರ ಕೈಲಿ ಆಗಲ್ಲ ಅಂತ ಬರ್ಕೊಂಡು ಹೋಗ್ತಾರೆ. ತುಂಬಿದ್ರೆ ನಾಳೆ ನಿಂಗೆ ಹಜಾರ ಸಿಗುತ್ತೆ ಮರಿ."

"ಬ್ರೆಡ್ಡಿನ ತಾತನ ಹೆಸರು ಪಟ್ಟಿಯಿಂದ ತೆಗೆದಿದಾರೆ ಸರ್. ಈ ಅಂಕಿ ನೋಡಿನೇ."

ಅದು ಅವನಿಗೆ ಗೊತ್ತಿರಲಿಲ್ಲ. ಬಟ್ಟೆ ಹಿಡಿದ ಕೈ ನಿಂತಿತು. "ಮುನ್ನೂರ ನಲವತ್ತು ಸ್ವಲ್ಪ ಜಾಸ್ತಿ ಆಯ್ತೇನೋ," ಎಂದ, ಸಾರಿನ ಉಪ್ಪಿನ ಬಗ್ಗೆ ಮಾತಾಡುವ ಅಡುಗೆಯವನಂತೆ. ಆಮೇಲೆ, ನಿವೃತ್ತಿಗೆ ಎಂಟು ತಿಂಗಳಿದೆ, ಇವತ್ತೊಂದು ದಿನ ಸುಮ್ಮನಿರು ಎಂದು ಕೇಳಿಕೊಂಡ.

ಅವಳು ಬೀರುವಿನಿಂದ ಎರಡು ಕಿತ್ತಳೆ ಬಣ್ಣದ ಕೋನ್ ತೆಗೆದುಕೊಂಡು ಹೊರಟಳು. ತಪಾಸಣೆಯವರಿಗಾಗಿ ಹಜಾರ ತೊಳೆದು, ಟೋಕನ್ ಸಾಲನ್ನು ಅಂಗಳಕ್ಕೆ ಕಳಿಸಿದ್ದರು. ಎರಡು ವರ್ಷದಲ್ಲಿ ಅದು ಅಷ್ಟು ಖಾಲಿಯಾಗಿದ್ದನ್ನು ಅವಳು ನೋಡಿರಲಿಲ್ಲ. ಟೇಪು ಹಿಡಿದು ಮೂವತ್ತು ಮೀಟರ್ ಅಳೆದು ಎರಡು ತುದಿಗೂ ಕೋನ್ ಇಟ್ಟಳು.

ಮುದುಕನ ಬೆರಳಿಗೆ ಆಮ್ಲಜನಕ ಅಳೆಯುವ ಕ್ಲಿಪ್ ಹಾಕಿ, ಆಯಾಸವಾದರೆ ನಿಲ್ಲಬಹುದು, ಗಡಿಯಾರ ನಿಲ್ಲುವುದಿಲ್ಲ ಎಂದು ವಿವರಿಸಿದಳು. "ತಾತ, ನಿಮ್ಮ ತಲೆ ಸರಿಯಾಗಿದೆ. ನೀವು ನಡೆದೇ ಇಲ್ಲ."

ಅವನು ಅವಳ ಮುಖವನ್ನೇ ನೋಡಿದ. "ಹಾಗಾದ್ರೆ ಬರೆದಿದ್ದು ಯಾರು?"

"ಮೊದಲು ನಡೀರಿ."

ಎರಡನೇ ನಿಮಿಷದಲ್ಲಿ ತಪಾಸಣೆಯವರು ಬಂದರು. ಜೊತೆಗೆ ಡಾಕ್ಟರು, ಹಿಂದೆ ಮೇಷ್ಟ್ರು. ಏನು ನಡೀತಿದೆ ಎಂದು ಯಾರೋ ಕೇಳಿದರು. ಈ ಪರೀಕ್ಷೆಯಲ್ಲಿ ನಡೆಸುವವರು ನಿಗದಿತ ಮಾತಲ್ಲದೆ ಬೇರೇನೂ ಆಡಬಾರದು. "ಚೆನ್ನಾಗಿ ಮಾಡ್ತಿದ್ದೀರಿ, ಇನ್ನು ನಾಲ್ಕು ನಿಮಿಷ ಇದೆ," ಎಂದು ಅವಳು ಮುದುಕನಿಗೆ ಮಾತ್ರ ಹೇಳಿದಳು. ಅವನು ಗೋಡೆಗೆ ಒರಗಿದ, ಮತ್ತೆ ಹೊರಟ, ಮತ್ತೆ ಒರಗಿದ. ಆರು ನಿಮಿಷ ಮುಗಿದಾಗ ಅವನು ನಿಂತಲ್ಲಿಗೇ ಕುರ್ಚಿ ಒಯ್ದು ಕೂರಿಸಿ, ಟೇಪು ಹಿಡಿದು, ಫೈಲಿನಲ್ಲಿ ತೊಂಬತ್ತಾರು ಎಂದು ಬರೆದಳು.

ಕನ್ನಡಕದ ತಪಾಸಣಾಧಿಕಾರಿ ಫೈಲು ಇಸಿದುಕೊಂಡು ಮೇಲಿನ ಸಾಲು, ಕೆಳಗಿನ ಸಾಲು ನೋಡಿದರು. ಈ ಮುನ್ನೂರ ನಲವತ್ತು ಯಾರು ಅಳೆದದ್ದು ಎಂದು ಕೇಳಿದರು.

ಅವಳು ಮೇಷ್ಟ್ರ ಕಡೆ ನೋಡಿದಳು. ಅವನು ಹೇಳಿಬಿಡುತ್ತಾನೆ ಎಂದು ಆ ಗಳಿಗೆಯಲ್ಲೂ ಅವಳಿಗೆ ನಂಬಿಕೆಯಿತ್ತು.

"ಮೊಹರು ಅವಳದ್ದು," ಎಂದ ಮೇಷ್ಟ್ರು, ತೊಳೆದ ನೆಲ ನೋಡುತ್ತ.

ಅವಳು ಬ್ಯಾಗಿನಿಂದ ತರಬೇತಿಯ ಪತ್ರ ತೆಗೆದು ಫೈಲಿನ ಮೇಲಿಟ್ಟಳು. ಅದರಲ್ಲಿ ತಾರೀಖುಗಳಿದ್ದವು, ಸೋಮವಾರದಿಂದ ಶುಕ್ರವಾರದವರೆಗೆ. ಕೆಳಗೆ, ಕಳಿಸಿಕೊಟ್ಟವರ ಜಾಗದಲ್ಲಿ, ಮೇಷ್ಟ್ರ ಸಹಿ. ಅಧಿಕಾರಿ ಓದಿ ಡಾಕ್ಟರ ಕೈಗೆ ಕೊಟ್ಟರು. ಡಾಕ್ಟರು ಬಹಳ ಹೊತ್ತು ಓದಿ, ತರಗತಿಯ ಪಟ್ಟಿ ತರಲು ನರ್ಸಿಗೆ ಹೇಳಿದರು.

ಮೇಷ್ಟ್ರ ಎರಡೂ ಕೈ ಪಕ್ಕದಲ್ಲಿ ಜೋತಿದ್ದವು. ಅಂಗೈಗಳು ಅಭ್ಯಾಸಬಲದಿಂದ ಬಟ್ಟಲಾಗಿಯೇ ಇದ್ದವು.

"ಎಷ್ಟಾಯ್ತು?" ಎಂದು ಕೇಳಿದ ಮುದುಕ, ಉಸಿರು ಸ್ವಲ್ಪ ಸಿಕ್ಕಿದ ಮೇಲೆ.

"ತೊಂಬತ್ತಾರು."

"ಇದು ನಂದೇ ತಾನೆ?"

"ನಿಮ್ದೇ."

ಹಜಾರದ ಆ ತುದಿಯ ಬಾಗಿಲಿನಿಂದ ಟೋಕನ್ ಸಾಲಿನವರು ಒಬ್ಬೊಬ್ಬರಾಗಿ ಮರಳಿ ಬರತೊಡಗಿದ್ದರು. ಯಾರೋ ಒಬ್ಬಳು ಕೋನನ್ನು ಕಾಲಿನಿಂದ ಗೋಡೆಗೆ ಸರಿಸಿ, ಅದಕ್ಕೆ ಚೀಲ ಒರಗಿಸಿ, ಅದಿದ್ದ ಜಾಗದಲ್ಲಿ ನಿಂತಳು.