ಕುಕ್ಕರ್ ಮುಚ್ಚಳದ ಸಾಕ್ಷಿ

ಇಂಗ್ಲೆಂಡಿನ ಓಲ್ಡಮ್ಮಿನ ಬ್ರೆಡ್ ಫ್ಯಾಕ್ಟರಿಯಲ್ಲಿ ದುಡಿಯುವ ಹುಸ್ನಾರಾಳಿಗೆ ನಿಜವಾಗಿ ಗಂಡನೊಬ್ಬನಿದ್ದಾನೆಂದು ಸರ್ಕಾರ ಒಪ್ಪಲಿಲ್ಲ. ಮದುವೆಯಾಗಿ ಮೂರು ವರ್ಷ. ಗಂಡ ಮೊಕದ್ದುಸ್ ಇನ್ನೂ ಬಾಂಗ್ಲಾದೇಶದ ಸಿಲ್ಹೆಟ್ಟಿನ ಹಳ್ಳಿಯಲ್ಲೇ ಇದ್ದ. ಪ್ರೀತಿಯ ಸಂದೇಶಗಳಿಲ್ಲ, ದಿನಕ್ಕೆ ಐದು ಗಂಟೆಯ ಕರೆಗಳು ನಂಬುವಂತಿಲ್ಲ, ಆದ್ದರಿಂದ ಇದು ಸಂಸಾರವೇ ಅಲ್ಲ, ಗಂಡನಿಗೆ ವೀಸಾ ಇಲ್ಲ ಎಂದು ಪತ್ರ ಬಂತು. ಸಂಸಾರ ಎಂದರೇನೆಂದು ಇವರಿಂದ ಕಲಿಯುವುದೊಂದು ಬಾಕಿಯಿತ್ತು! ಹುಸ್ನಾರಾ ಮೇಲ್ಮನವಿ ಹಾಕಿದಳು.

ವಿಚಾರಣೆಯ ದಿನ ಮ್ಯಾಂಚೆಸ್ಟರಿನ ನ್ಯಾಯಾಲಯದ ಬಾಗಿಲಲ್ಲೇ ವಕೀಲರು ತಡೆದರು.

"ಪ್ರೀತಿ ಪ್ರೇಮ ಅಂತ ನಾಲ್ಕು ಮಾತು ಸೇರಿಸಮ್ಮ."

"ಇಲ್ಲದ್ದು ಹೇಳಲ್ಲ ಸರ್. ಇರೋದೇ ಸಾಕು."

ಸರ್ಕಾರದ ಕಡೆಯ ಯುವಕ ಕರೆಗಳ ಪಟ್ಟಿ ಹಿಡಿದು ಎದ್ದ. "ಮಾರ್ಚ್ ಒಂಬತ್ತು. ಐದು ಗಂಟೆ ಹತ್ತು ನಿಮಿಷದ ಕರೆ. ಏನು ಮಾತಾಡಿದ್ರಿ?"

"ಏನೂ ಇಲ್ಲ."

ವಕೀಲರು ಹಣೆ ಹಿಡಿದುಕೊಂಡರು.

"ಮಾತೇ ಆಡಿಲ್ಲ ಅಂತ ಒಪ್ಕೋತೀರಾ?"

"ನಾನು ಅಡುಗೆ ಮಾಡ್ತಿದ್ದೆ, ಅವರು ಮೀನಿನ ಬಲೆ ಹೆಣೀತಿದ್ರು. ಫೋನು ಸಕ್ಕರೆ ಡಬ್ಬಿಗೆ ಒರಗಿಸಿಟ್ಟಿರ್ತೀನಿ. ನಮ್ಮ ಬೀದೀಲಿ ಗಂಡ ದೂರ ಇರೋರೆಲ್ಲ ಹೀಗೇ. ನೀವು ಮನೇಲಿ ಹೆಂಡ್ತಿ ಹತ್ರ ಐದು ಗಂಟೆ ಬಿಡದೆ ಮಾತಾಡ್ತೀರಾ?"

ಹಿಂದೆ ಕೂತಿದ್ದ ಹುಸ್ನಾರಾಳ ಚಿಕ್ಕಮ್ಮ ಕಿಸಕ್ಕನೆ ನಕ್ಕಳು. ಯುವಕ ಕೆಂಪಾದ. ನ್ಯಾಯಾಧೀಶೆ ಮಾತ್ರ ನಗದೆ ಕಡತದ ಹಾಳೆ ತಿರುವಿದರು. ಅದು ಮೊಕದ್ದುಸ್ ನೇರವಾಗಿ ವಕೀಲರಿಗೆ ಕಳಿಸಿದ ಹೇಳಿಕೆ. ಹುಸ್ನಾರಾ ಅದನ್ನು ಕಂಡೇ ಇರಲಿಲ್ಲ.

"ಕುಕ್ಕರ್ ಮುಚ್ಚಳ ಸಿಕ್ಕಿಹಾಕ್ಕೊಂಡ್ರೆ ಏನು ಮಾಡ್ತೀರಿ?"

ಹುಸ್ನಾರಾ ತಲೆ ತಗ್ಗಿಸಿದಳು. "ಬೈತೀನಿ ಮೇಡಂ."

"ಏನಂತ?"

ಚಿಕ್ಕಮ್ಮನ ಕಿವಿಗೆ ಬಿದ್ದದ್ದು ಸಂಜೆಯೊಳಗೆ ಸಿಲ್ಹೆಟ್ ಮುಟ್ಟುತ್ತದೆ. ಆದರೆ ಸತ್ಯವನ್ನೇ ಹೇಳುತ್ತೇನೆಂದು ಪ್ರಮಾಣ ಮಾಡಿಯಾಗಿತ್ತು. ಆದದ್ದಾಗಲಿ ಎಂದು ತಲೆಯೆತ್ತಿದಳು.

"ಬಾಯಿ ಬಿಡೇ ಜೋಬೇದಾ, ಹಟಮಾರಿ ಮುದುಕಿ ಅಂತ."

"ಜೋಬೇದಾ ಯಾರು?"

"ನಮ್ಮತ್ತೆ."

ನ್ಯಾಯಾಧೀಶೆ ನಿಧಾನವಾಗಿ ಓದಿದರು: "ಮುಚ್ಚಳ ಬರದಿದ್ದರೆ ನನ್ನ ತಾಯಿಯ ಹೆಸರು ಹಿಡಿದು ಬೈಯುತ್ತಾಳೆ. ನಾನು ಕೇಳಿಸದವನಂತೆ ಬಲೆ ಹೆಣೆಯುತ್ತೇನೆ."

ಇನ್ನು ಪ್ರಶ್ನೆಗಳಿಲ್ಲ ಎಂದು ಯುವಕ ಕುಳಿತ. ಹುಸ್ನಾರಾಳಿಗೆ ನಾಚಿಕೆಯೂ ಆಯಿತು, ಅದಕ್ಕಿಂತ ಹೆಚ್ಚಾಗಿ ಗಂಡನ ಮೇಲೆ ಮುದ್ದು ಬಂತು. ಮೂರು ವರ್ಷ ಒಂದು ದಿನವೂ ತುಟಿ ಬಿಚ್ಚಿರಲಿಲ್ಲ, ಕಳ್ಳ!

ಮೂರು ವಾರಕ್ಕೆ ತೀರ್ಪು ಬಂತು. ಗೆದ್ದಿದ್ದಳು. ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ, ಅಳುತ್ತಲೇ ಹೇಳಿದಳು: "ಹೊರಡೋಕೆ ತಯಾರಾಗಿ. ಅತ್ತೆಗೆ ಮಾತ್ರ ಆ ಮುಚ್ಚಳದ ವಿಷಯ ಹೇಳಬೇಡಿ."

ಆ ಕಡೆ ಅಡಿಕೆ ಕುಟ್ಟುವ ಸದ್ದು ನಿಂತಿತು.

"ಮೂರು ವರ್ಷದಿಂದ ನಾನೂ ಇಲ್ಲೇ ಕೂತು ಕೇಳ್ತಾ ಇದೀನಿ ಕಣೇ," ಎಂದಿತು ಜೋಬೇದಾಳ ದನಿ. "ಮಗನ್ನ ಕಳಿಸ್ತೀನಿ. ಇನ್ಮೇಲೆ ಮುಚ್ಚಳ ಅವನ ಕೈಲೇ ತೆಗೆಸು."