ಗುಟುಕಕ್ಕನ ನಾಲಿಗೆ

ಬೆಳಗಿನ ಮೊದಲ ಆರು ಬಾಟಲಿಗಳು ಮೇಜಿನ ಮೇಲೆ ಸಾಲಾಗಿ ನಿಂತಿದ್ದವು. ಸೋಡಾ ಕಾರ್ಖಾನೆಯ ಮಿಕ್ಕವರೆಲ್ಲ ಮೆಷಿನ್ ಮುಂದೆ ಕೈಕಟ್ಟಿಕೊಂಡು ಕಾಯುತ್ತಿದ್ದರು. ರುಚಿ ನೋಡುವ ಹೆಂಗಸು ಒಂದೊಂದರಿಂದಲೂ ಒಂದು ಗುಟುಕು ಕುಡಿದು ಹೂಂ ಎಂದರೆ ಟ್ಯಾಂಕಿನಲ್ಲಿದ್ದದ್ದೆಲ್ಲ ಬಾಟಲಿಗೆ, ಊಹೂಂ ಎಂದರೆ ಮೋರಿಗೆ. ಇಪ್ಪತ್ತೆರಡು ವರ್ಷದಿಂದ ಅಲ್ಲಿ ನಡೆದುಬಂದಿದ್ದು ಹೀಗೆ. ಅದಕ್ಕೇ ಅವಳನ್ನು ಎಲ್ಲರೂ ಗುಟುಕಕ್ಕ ಎನ್ನುತ್ತಿದ್ದರು. ಸಕ್ಕರೆಯ ಮೂಟೆ ಬದಲಾದರೂ, ನೀರಿನ ಫಿಲ್ಟರ್ ಹಳತಾದರೂ ಮೊದಲು ಗೊತ್ತಾಗುತ್ತಿದ್ದುದು ಅವಳ ನಾಲಿಗೆಗೆ.

"ಸಪ್ಪೆ," ಎಂದಳು ಗುಟುಕಕ್ಕ. "ಗ್ಯಾಸೇ ಇಲ್ಲ. ಚೆಲ್ಲಿಬಿಡಿ."

ಯಾರೂ ಅಲುಗಲಿಲ್ಲ. ಎರಡು ತಿಂಗಳಲ್ಲಿ ಇದು ನಾಲ್ಕನೆಯ ಟ್ಯಾಂಕ್. ಮಾಲೀಕ ತಾನೇ ಬಂದು ಒಂದು ಬಾಟಲಿ ಎತ್ತಿಕೊಂಡ. ಮುಚ್ಚಳ ತೆಗೆದ ಕೂಡಲೇ ಅದು ಬುಸ್ಸೆಂದಿತು. ಗಟಗಟನೆ ಅರ್ಧ ಕುಡಿದು, ಎಲ್ಲರಿಗೂ ಕೇಳುವ ಹಾಗೆ ಒಂದು ತೇಗು ತೇಗಿದ. ಆ ತೇಗಿನ ಮುಂದೆ ಯಾರ ವಾದ ನಿಲ್ಲುತ್ತದೆ? ಹಿಂದೆ ಯಾರೋ ಕಿಸಕ್ಕನೆ ನಕ್ಕರು.

"ಇದರಲ್ಲಿ ಗ್ಯಾಸ್ ಇಲ್ವಾ ಗುಟುಕಕ್ಕ?"

ಗುಳ್ಳೆಗಳು ಸರಸರ ಮೇಲೇರುತ್ತಿರುವುದು ಅವಳ ಕಣ್ಣಿಗೂ ಕಾಣುತ್ತಿತ್ತು. ನಾಲಿಗೆಗೆ ಮಾತ್ರ ಅದು ರಾತ್ರಿಯೆಲ್ಲ ತೆರೆದಿಟ್ಟ ಸಕ್ಕರೆ ನೀರು.

"ಬೇಜಾರು ಮಾಡ್ಕೋಬೇಡಿ," ಎಂದ ಮಾಲೀಕ. ಒರಟು ಮನುಷ್ಯನಲ್ಲ ಅವನು. "ವಯಸ್ಸಾಗ್ತಾ ನಾಲಿಗೆ ಸೋಲುತ್ತೆ. ಸೋಮವಾರದಿಂದ ಬಾಟಲಿ ತೊಳೆಯೋ ಕಡೆ ನಿಂತ್ಕೊಳ್ಳಿ. ಕೆಲಸ ಕೆಲಸವೇ ಅಲ್ವಾ?"

ನಲವತ್ತಾರಕ್ಕೇ ತನಗೆ ವಯಸ್ಸಾಯಿತೆಂದು ಗುಟುಕಕ್ಕನಿಗೆ ಗೊತ್ತಾಗಿದ್ದು ಅವತ್ತೇ. ಅವಳು ಲೋಟವನ್ನು ಬೋರಲು ಹಾಕಿದಳು.

"ತೊಳೀತೀನಿ. ಆದ್ರೆ ನನ್ನ ನಾಲಿಗೆ ಸೋತಿಲ್ಲ, ಅದಕ್ಕೇನೋ ಆಗಿದೆ. ಏನು ಅಂತ ತಿಳ್ಕೊಂಡು ಬರ್ತೀನಿ. ಅಲ್ಲೀವರೆಗೆ ಈ ಜಾಗ ಯಾರಿಗೂ ಖಾಯಂ ಮಾಡಬೇಡಿ."

"ಎರಡು ತಿಂಗಳು ನೋಡ್ತೀನಿ," ಎಂದ ಮಾಲೀಕ.

ಏನಾಗಿದೆ ಎಂಬ ಗುಮಾನಿ ಅವಳಿಗೆ ಮೊದಲೇ ಇತ್ತು. ವರ್ಷಗಳಿಂದ ಅವಳನ್ನು ಅರೆತಲೆನೋವು ಕಾಡುತ್ತಿತ್ತು. ತಿಂಗಳಿಗೆ ಎಂಟು ದಿನ ಕಿಟಕಿ ಮುಚ್ಚಿ, ಒದ್ದೆ ಬಟ್ಟೆ ಕಣ್ಣಿಗೆ ಹಾಕಿಕೊಂಡು, ಪಾತ್ರೆಯ ಸದ್ದಿಗೂ ಬೆಚ್ಚುತ್ತ ಮಲಗಬೇಕಿತ್ತು. ಎರಡು ತಿಂಗಳ ಹಿಂದೆ ಡಾಕ್ಟರು ದಿನಾ ನುಂಗುವ ಒಂದು ಮಾತ್ರೆ ಬರೆದುಕೊಟ್ಟರು. ಸುಳ್ಳು ಹೇಳಬಾರದು, ಮಾತ್ರೆ ಚೆನ್ನಾಗಿಯೇ ಕೆಲಸ ಮಾಡಿತು. ಎಂಟು ದಿನ ಎರಡಕ್ಕೆ ಇಳಿಯಿತು. ಅದರ ಜೊತೆಗೇ ಬೆರಳ ತುದಿಗಳು ಜುಮುಜುಮು ಎನ್ನತೊಡಗಿದವು, ಸೋಡಾ ಸಪ್ಪೆಯಾಯಿತು. ಕಳೆದ ಸಲ ಹೋದಾಗ ಇದನ್ನು ಹೇಳಿದ್ದಳು ಕೂಡ. ಡಾಕ್ಟರು ತಲೆ ಎತ್ತದೆ, "ಒಳ್ಳೇದಾಯ್ತು ಬಿಡಿ, ಸೋಡಾ ಕುಡಿಯೋದು ಆರೋಗ್ಯಕ್ಕೆ ಒಳ್ಳೇದಲ್ಲ," ಎಂದು ನಕ್ಕಿದ್ದರು. ಪಕ್ಕದಲ್ಲಿದ್ದ ನರ್ಸಮ್ಮನೂ ನಕ್ಕಿದ್ದಳು. ಡಾಕ್ಟರು ನಗುವಾಗ ಸುಮ್ಮನಿರುವುದು ಹೇಗೆಂದು ಗುಟುಕಕ್ಕನೂ ಒಂದಿಷ್ಟು ನಕ್ಕು ಎದ್ದು ಬಂದಿದ್ದಳು. ಈಗ ನೆನೆದರೆ ತನ್ನ ಆ ನಗುವೇ ಅವಳನ್ನು ಹೆಚ್ಚು ಉರಿಸುತ್ತಿತ್ತು.

ಅವಳ ಗಂಡನದು ಗಡಿಯಾರ ರಿಪೇರಿಯ ಅಂಗಡಿ, ಮೆಡಿಕಲ್ ಸ್ಟೋರಿನ ಎದುರುಬದಿಗೇ. ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಕೂತಿದ್ದವನಿಗೆ ಅವಳು ಸಂಗತಿಯನ್ನೆಲ್ಲ ಹೇಳಿದಳು.

"ತಲೆನೋವಿಗೆ ತಗೊಂಡ ಮಾತ್ರೆ ನಾಲಿಗೆಗೆ ಯಾಕೆ ಹೋಗುತ್ತೆ?" ಎಂದ ಅವನು.

"ಹೊಟ್ಟೆಗೆ ಹಾಕಿದ್ದು ತಲೆಗೆ ಹೋಗ್ಲಿಲ್ವಾ? ದಾರೀಲಿ ನಾಲಿಗೆಯನ್ನೂ ಮಾತಾಡಿಸಿರಬಹುದು."

"ನೋಡು, ಡಾಕ್ಟರಿಗೆ ಎದುರು ಮಾತಾಡಿದ್ರೆ ಸಿಟ್ಟಾಗ್ತಾರೆ. ನಾಳೆ ನಿಜವಾಗ್ಲೂ ಏನಾದ್ರೂ ಆದಾಗ ಯಾರ ಹತ್ರ ಹೋಗ್ತೀಯಾ? ಅಷ್ಟು ಅನುಮಾನ ಇದ್ರೆ ಮಾತ್ರೆ ಬಿಸಾಕು."

"ಬಿಸಾಕಲ್ಲ. ಎಷ್ಟೋ ವರ್ಷದ ಮೇಲೆ ಬೆಳಕಿಗೆ ಕಣ್ಣು ಬಿಟ್ಟಿದ್ದೀನಿ. ಬಿಸಾಕೋದೂ ಇಲ್ಲ, ಸುಮ್ಮನೆ ನುಂಗೋದೂ ಇಲ್ಲ," ಎಂದು ಕಡ್ಡಿ ಮುರಿದಂತೆ ಹೇಳಿ ಅವಳು ರಸ್ತೆ ದಾಟಿದಳು.

ಮೆಡಿಕಲ್ ಸ್ಟೋರಿನವನು ಎಂದಿನಂತೆ ಪೊಟ್ಟಣದಿಂದ ಮಾತ್ರೆಯ ಹಾಳೆ ಎಳೆದು, ಕತ್ತರಿಯಿಂದ ಹತ್ತು ಮಾತ್ರೆ ಕತ್ತರಿಸಿ, ಕವರಿಗೆ ಹಾಕಿದ. ಪೊಟ್ಟಣದೊಳಗಿದ್ದ ಮಡಿಚಿದ ಕಾಗದ ಅವನ ಕಾಲ ಬಳಿಯ ಬುಟ್ಟಿಗೆ ಹೋಯಿತು. ಎರಡು ತಿಂಗಳಿಂದ ಅದು ಹಾಗೆ ಹೋಗುವುದನ್ನು ಗುಟುಕಕ್ಕ ನೋಡಿದ್ದಳು, ಆದರೆ ಗಮನ ಕೊಟ್ಟಿರಲಿಲ್ಲ.

"ಆ ಪೇಪರ್ ಕೊಡಿ."

"ಯಾವ ಪೇಪರ್?"

"ಈಗ ಬಿಸಾಕಿದ್ರಲ್ಲ, ಅದು. ನನ್ನ ಮಾತ್ರೇದು."

"ಅದನ್ನ ಯಾರೂ ಓದಲ್ಲ ಅಕ್ಕ. ಓದಿದೋರು ಹೆದರ್ಕೊಂಡು ಮಾತ್ರೆ ವಾಪಸ್ ತರ್ತಾರೆ. ಅಲ್ದೆ ಪೊಟ್ಟಣಕ್ಕೆ ಒಂದೇ ಪೇಪರ್. ಒಂದು ಪೊಟ್ಟಣಾನ ಮೂರು ಜನಕ್ಕೆ ಕತ್ತರಿಸಿ ಕೊಡ್ತೀನಿ. ನೀವೇ ಹೇಳಿ, ಯಾರಿಗೆ ಕೊಡಲಿ?"

"ಕೇಳಿದೋರಿಗೆ ಕೊಡಿ. ನಾನು ಕೇಳ್ತಿದ್ದೀನಿ."

ಹಿಂದೆ ನಾಲ್ಕು ಜನ ನಿಂತಿದ್ದರು. ಒಬ್ಬಾತ, "ಬೇಗ ಆಗ್ಲಿ ತಾಯಿ," ಎಂದು ಗೊಣಗಿದ. ಗುಟುಕಕ್ಕ ಕಟ್ಟೆಯ ಮೇಲೆ ಎರಡೂ ಕೈ ಊರಿದಳು. ಬೆರಳು ಜುಮುಗುಡುತ್ತಿದ್ದವು, ಜಾಗ ಮಾತ್ರ ಬಿಡಲಿಲ್ಲ. ಕೊನೆಗೆ ಅಂಗಡಿಯವನೇ ಬಗ್ಗಿ ಬುಟ್ಟಿಗೆ ಕೈಹಾಕಿದ.

ಬೆಂಕಿಪೊಟ್ಟಣದಷ್ಟಿದ್ದ ಆ ಮಡಿಕೆ ಬಿಡಿಸಿದರೆ ದಿಂಬಿನ ಚೀಲದಷ್ಟಾಯಿತು. ಅಕ್ಷರಗಳೋ, ಸಾಸಿವೆಯೇ ದೊಡ್ಡದು. ಅವಳು ಅದನ್ನು ಗಂಡನ ಮುಂದೆ ಹರಡಿದಳು.

"ಇರುವೆಯಂಥ ಚಕ್ರಾನೇ ನೋಡ್ತೀರಿ. ಇದನ್ನ ಓದಿ."

ಅವನು ಮೂಗು ಮುರಿಯುತ್ತಲೇ ಮಸೂರವನ್ನು ಕಣ್ಣಿಗೆ ಏರಿಸಿದ. ಮೊದಲು ತಮಾಷೆಯ ದನಿಯಲ್ಲಿ ಓದಿದ, ನಂತರ ಮೆಲ್ಲಗೆ, ನಂತರ ದನಿಯೇ ಇಲ್ಲದೆ. ಒಂದು ಸಾಲಿನ ಮೇಲೆ ಬೆರಳಿಟ್ಟು ನಿಂತ.

"ಬೆರಳ ತುದಿಯಲ್ಲಿ ಜುಮುಗುಡುವುದು... ರುಚಿಯಲ್ಲಿ ವ್ಯತ್ಯಾಸ." ಮಸೂರ ತೆಗೆದು ಅವಳ ಮುಖ ನೋಡಿದ. "ಇಲ್ಲೇ ಬರೆದಿದ್ದಾರೆ ಕಣೇ."

"ಇನ್ನೇನು ಬರೆದಿದ್ದಾರೆ?"

"ಕಣ್ಣು ಮಂಜಾದ್ರೆ, ನೋವಾದ್ರೆ ತಕ್ಷಣ ಡಾಕ್ಟರಿಗೆ ಹೇಳಬೇಕಂತೆ. ಹೇಳದೆ ಕೇಳದೆ ಮಾತ್ರೆ ನಿಲ್ಲಿಸಬಾರದಂತೆ." ಬಿಸಾಕು ಎಂದವನು ತಾನೇ ಎಂಬುದು ನೆನಪಾಗಿ ಅವನು ಕಿವಿ ಕೆರೆದುಕೊಂಡ.

ಮರುದಿನ ಡಾಕ್ಟರು ಆ ಕಾಗದ ಕಂಡೊಡನೆ ಮುಖ ಸಿಂಡರಿಸಿದರು.

"ಇದೇ ಕಷ್ಟ ನೋಡಿ. ಇದರಲ್ಲಿರೋದನ್ನೆಲ್ಲ ನಾನು ಮೊದಲೇ ಹೇಳಿದ್ರೆ ಒಬ್ಬರೂ ಮಾತ್ರೆ ನುಂಗಲ್ಲ. ಹೊರಗಡೆ ನಲವತ್ತು ಜನ ಕೂತಿದ್ದಾರೆ. ನಾನು ಓದ್ತಾ ಕೂರಲೋ, ನೋಡ್ತಾ ಕೂರಲೋ?"

"ನಾನು ಒಂದು ದಿನಾನೂ ಮಾತ್ರೆ ತಪ್ಪಿಸಿಲ್ಲ ಡಾಕ್ಟ್ರೇ. ತಲೆನೋವು ಕಡಿಮೆಯಾಗಿದೆ, ಅದು ನಿಮ್ಮ ಉಪಕಾರ. ಸೋಡಾ ಯಾಕೆ ಸಪ್ಪೆ ಅನ್ನಿಸುತ್ತೆ, ಅದನ್ನ ಹೇಳಿ."

"ಅದಾ? ಈ ಮಾತ್ರೆ ತಗೊಳ್ಳೋ ಕೆಲವರಿಗೆ ಗ್ಯಾಸ್ ಇರೋ ಪಾನೀಯ ಹಾಗನ್ನಿಸುತ್ತೆ. ಗೊತ್ತಿರೋ ವಿಷಯಾನೇ."

ಗುಟುಕಕ್ಕನ ಮೈಯೆಲ್ಲ ಉರಿದುಹೋಯಿತು. "ಗೊತ್ತಿತ್ತಾ?"

"ಗೊತ್ತಿರೋದೇ. ನೀವು ಮುಂಚೆನೇ ಹೇಳಬೇಕಿತ್ತು."

"ಹೇಳಿದ್ದೆ. ನೀವು ನಕ್ಕಿದ್ರಿ."

ಡಾಕ್ಟರ ಪೆನ್ನು ನಿಂತಿತು. ನರ್ಸಮ್ಮ ಮುಂದಿನವರನ್ನು ಕರೆಯಲೆಂದು ಬಾಗಿಲು ತೆಗೆದಳು. ಗುಟುಕಕ್ಕ ಕುರ್ಚಿಯನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡಳು.

"ನಾನು ಏಳಲ್ಲ. ನಿಮಗೆ ಸೋಡಾ ಅಂದ್ರೆ ಕುಡಿಯೋದು. ನನಗೆ ಅದು ಕೆಲಸ. ಅದರ ರುಚಿ ನೋಡೋಳು ನಾನು. ಚೆನ್ನಾಗಿದ್ದ ನಾಲ್ಕು ಟ್ಯಾಂಕ್ ಸೋಡಾನ ಕೆಟ್ಟಿದೆ ಅಂದ್ಬಿಟ್ಟೆ. ಮೂರು ಮೋರಿಗೆ ಹೋಯ್ತು, ನಾಲ್ಕನೇದಕ್ಕೆ ನಾನೇ ಹೋದೆ. ಹೀಗಾಗಬಹುದು ಅಂತ ಒಂದು ಮಾತು ಗೊತ್ತಿದ್ದಿದ್ರೆ, ಎರಡು ತಿಂಗಳು ಬೇರೆಯವರ ಹತ್ರ ರುಚಿ ನೋಡಿಸ್ತಿದ್ದೆ. ಹೆದರ್ತೀನಿ ಅಂತ ನೀವು ಹೇಳ್ಲಿಲ್ಲ. ಹೆದರೋದು ಬಿಡೋದು ನನಗೆ ಬಿಡಿ. ನಾಲಿಗೆ ನಂದು."

ಡಾಕ್ಟರು ನರ್ಸಮ್ಮನಿಗೆ, "ಬಾಗಿಲು ಹಾಕಮ್ಮ," ಎಂದರು. ಕಣ್ಣು ಮಂಜಾಗುತ್ತದೆಯೇ, ಮಾತಿನ ನಡುವೆ ಪದ ಮರೆಯುತ್ತದೆಯೇ, ತೂಕ ಇಳಿದಿದೆಯೇ ಎಂದು ಒಂದೊಂದಾಗಿ ಕೇಳಿ ಬರೆದುಕೊಂಡರು. ಈ ಮಾತ್ರೆಯನ್ನು ವಾರವಾರಕ್ಕೂ ಇಷ್ಟಿಷ್ಟೇ ಇಳಿಸಿ ಇನ್ನೊಂದನ್ನು ಶುರು ಮಾಡುವುದೆಂದಾಯಿತು. "ಹೊಸದರಲ್ಲಿ ನಿದ್ದೆ ಜಾಸ್ತಿ ಬರಬಹುದು, ಬಾಯಿ ಒಣಗಬಹುದು. ಏನಾದ್ರೂ ಆದ್ರೆ ಬಂದು ಹೇಳಿ," ಎಂದು ಈ ಸಲ ಕೇಳದೆಯೇ ಹೇಳಿದರು.

"ನಮ್ಮ ಮಾಲೀಕರಿಗೆ ಒಂದು ಚೀಟಿ ಬರೆದುಕೊಡಿ. ತಪ್ಪು ಮಾತ್ರೇದು, ನಾಲಿಗೇದಲ್ಲ ಅಂತ."

ಡಾಕ್ಟರು ಬರೆದುಕೊಟ್ಟರು.

ಚೀಟಿಯನ್ನು ಮಾಲೀಕನಿಗೆ ಕೊಟ್ಟು ಗುಟುಕಕ್ಕ ಐದು ವಾರ ಬಾಟಲಿ ತೊಳೆದಳು. ಮೊಣಕೈವರೆಗೆ ಸೋಪಿನ ನೊರೆ ಮೆತ್ತಿಕೊಂಡು, ಬ್ರಷ್ ತಿರುಗಿಸುತ್ತ, ನಕ್ಕವರ ಕಣ್ಣಲ್ಲಿ ಕಣ್ಣಿಟ್ಟೇ ಮಾತಾಡಿದಳು. ದಿನಾ ಬೆಳಿಗ್ಗೆ ರುಚಿಯ ಮೇಜಿಗೆ ಹೋಗಿ ಒಂದು ಗುಟುಕು ಕುಡಿದು, "ಇನ್ನೂ ಇಲ್ಲ," ಎಂದು ತಾನೇ ಹೇಳಿ ವಾಪಸಾಗುತ್ತಿದ್ದಳು. ಆರನೆಯ ವಾರದ ಒಂದು ಬೆಳಿಗ್ಗೆ ಗುಟುಕು ಗಂಟಲಿಗಿಳಿಯುವ ಮೊದಲೇ ಮೂಗಿಗೆ ಚುರ್ರೆಂದು ಏರಿತು. ಕಣ್ಣಲ್ಲಿ ನೀರು ಬಂತು. ಅದು ಗ್ಯಾಸಿನದೋ ಅಳುವೋ ಎಂದು ಯಾರೂ ಕೇಳಲಿಲ್ಲ. ಅವಳು ಇನ್ನೊಂದು ಗುಟುಕು ಕುಡಿದು, ಬಾಯೊಳಗೇ ಆಡಿಸಿ, ಮಾಲೀಕನನ್ನು ಕರೆದಳು.

"ಗ್ಯಾಸ್ ಸರಿಯಾಗಿದೆ. ಸಕ್ಕರೆ ಮೂಟೆ ಯಾಕೆ ಬದಲಾಯಿಸಿದ್ರಿ?"

ಮಾಲೀಕ ಹಿಂದಿನ ದಿನವಷ್ಟೇ ಬದಲಾಯಿಸಿದ್ದ. ಅವನು ಮೇಜಿನ ಮುಂದಿನ ಸ್ಟೂಲನ್ನು ಅವಳ ಕಡೆಗೆ ಸರಿಸಿದ.

ಸಂಜೆ ಹೊಸ ಮಾತ್ರೆ ತರಲು ಮೆಡಿಕಲ್ ಸ್ಟೋರಿಗೆ ಹೋದಾಗ ಮುಂದೆ ಒಬ್ಬ ಮುದುಕರು ನಿಂತಿದ್ದರು. ಅಂಗಡಿಯವನು ಅವರ ಮಾತ್ರೆ ಕತ್ತರಿಸಿ, ಕಾಗದವನ್ನು ಬುಟ್ಟಿಯ ಕಡೆಗೆ ಎಸೆಯಲು ಕೈ ಎತ್ತಿದವನು ಗುಟುಕಕ್ಕನನ್ನು ಕಂಡು ತಡೆದ. ಅವಳು ಕಟ್ಟೆಯ ಮೇಲೆ ಎರಡೂ ಕೈ ಊರಿದಳು, ಅಷ್ಟೇ. ಅವನು ನಿಟ್ಟುಸಿರುಬಿಟ್ಟು ಕಾಗದವನ್ನು ಮುದುಕರ ಕವರಿನೊಳಕ್ಕೆ ತುರುಕಿದ.

"ಇದೇನಪ್ಪಾ?" ಎಂದು ಮುದುಕರು ಅದನ್ನು ಬಿಡಿಸಿ, ಹತ್ತಿರ ಹಿಡಿದು, ದೂರ ಹಿಡಿದು ನೋಡಿದರು. "ನನಗೆ ಒಂದಕ್ಷರಾನೂ ಕಾಣಲ್ಲವಲ್ಲ."

"ನಿಮ್ಮ ಮಾತ್ರೆ ಬಗ್ಗೆ ಬರೆದಿರೋದು, ಇಟ್ಕೊಳ್ಳಿ," ಎಂದಳು ಗುಟುಕಕ್ಕ. "ಎದುರುಗಡೆ ಗಡಿಯಾರದ ಅಂಗಡಿ ಇದೆ ನೋಡಿ. ಅಲ್ಲಿರೋರು ಓದಿ ಹೇಳ್ತಾರೆ. ಇಂಥದೇ ಪೇಪರ್ ಹಿಡ್ಕೊಂಡು ನಿಮ್ಮ ಮುಂದೆ ಇನ್ನಿಬ್ಬರು ಇರಬಹುದು, ಸ್ವಲ್ಪ ಕಾಯಿರಿ."